ಬೇಸ್‌ಮೆಂಟಿನಿಂದ ಸೈಕಲ್ ಹೋಯಿತು, ಮತ್ತೆ ಕೊಳ್ಳಲಾ? ಅನುಭವ ಇದ್ದವರು ಹೇಳಿ

ವಿಜಯನಗರ ವಾಸಿ:
ಮನೆ ವಿಜಯನಗರ, ಆಫೀಸು ಎಂ.ಜಿ. ರಸ್ತೆ. ಎರಡು ವರ್ಷದಿಂದ ಸೈಕಲ್‌ನಲ್ಲೇ ಓಡಾಟ. ಹೋದ ಗುರುವಾರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಕಳುವಾಯಿತು. ವೈರ್ ಲಾಕ್ ಹಾಕಿದ್ದೆ, ಅದರ ತುಂಡು ಮಾತ್ರ ಉಳಿದಿದೆ. 15 ಸಾವಿರದೊಳಗೆ ಇನ್ನೊಂದು ಕೊಳ್ಳಲಾ? ಇಲ್ಲ ಮಡಚುವ ಸೈಕಲ್ ತಗೊಂಡು ಮೆಟ್ರೋದಲ್ಲಿ ಒಯ್ಯಲಾ? ಬೀಗ ಯಾವುದು ಒಳ್ಳೇದು?

ಮೂರು ಕಳ್ಕೊಂಡವನು:
ಒಂದಕ್ಕೇ ಇಷ್ಟು ಬೇಜಾರಾದರೆ ನನ್ನ ಕಥೆ ಕೇಳಿ ಗುರು. ಮೊದಲನೇದು 2014ರಲ್ಲಿ, ರಾಜಾಜಿನಗರದ ಮನೆ ಗೇಟಿನ ಒಳಗಿಂದ. 6,200 ಕೊಟ್ಟಿದ್ದೆ. ಎರಡನೇದರಲ್ಲಿ ಮುಂದಿನ ಚಕ್ರ ಮಾತ್ರ ಹೋಯಿತು. ಕೈಯಲ್ಲೇ ಬಿಚ್ಚುವ ಲಿವರ್ ಇತ್ತಲ್ಲ, ಬೀಗ ಫ್ರೇಮಿಗೆ ಹಾಕಿದ್ದೆ, ಕಳ್ಳ ಆರಾಮಾಗಿ ಚಕ್ರ ಬಿಚ್ಚಿಕೊಂಡು ಹೋದ. ಹೊಸ ರಿಮ್ಮು, ಟೈರು, ಟ್ಯೂಬು, ಕೂಲಿ ಸೇರಿ 2,350. ಒಂದೇ ತಿಂಗಳಲ್ಲಿ ಸೀಟೂ ಹೋಯಿತು, ಅದಕ್ಕೆ 650. ಆಟೋ ಸಿಗದೆ, ಸೀಟಿಲ್ಲದ ಸೈಕಲ್ ಮೇಲೆ ನಿಂತುಕೊಂಡೇ ಮನೆಗೆ ಬಂದವನು ನಾನು.

ಮೂರನೇದಕ್ಕೆ 1,900ರ ಯು-ಲಾಕ್ ತಂದೆ. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕಟ್ಟಿದ್ದ ಕಬ್ಬಿಣದ ಪೈಪನ್ನೇ ಕತ್ತರಿಸಿ ಬೀಗದ ಸಮೇತ ಎತ್ತಿಕೊಂಡು ಹೋಗಿದ್ದರು! ಆಮೇಲೆ ಗುಜರಿಯವರ ಹತ್ತಿರ 2,800ಕ್ಕೆ ಗೇರಿಲ್ಲದ ಹಳೇ ಸೈಕಲ್ ತಂದೆ. ಬಣ್ಣ ಬಳಿದಿಲ್ಲ, ತುಕ್ಕು ಒರೆಸಿಲ್ಲ. ನಾಲ್ಕು ವರ್ಷ ಆಯಿತು, ಯಾರೂ ತಿರುಗಿ ನೋಡಿಲ್ಲ.

ಮಡಚು ಸೈಕಲ್:
ನಾನು ಕೆಂಗೇರಿಯಿಂದ ಇಂದಿರಾನಗರಕ್ಕೆ ಮಡಚುವ ಸೈಕಲ್‌ನಲ್ಲೇ ಹೋಗುವವಳು. 23,500 ಆಯಿತು. ಮನೆಯಿಂದ ಸ್ಟೇಷನ್‌ಗೆ ತುಳಿಯೋದು, ಮಡಚಿ ರೈಲು ಹತ್ತೋದು, ಇಳಿದು ಮತ್ತೆ ತುಳಿಯೋದು. ಆಫೀಸಿನಲ್ಲಿ ಮೇಜಿನ ಕೆಳಗೇ ಇರುತ್ತೆ, ಕಳ್ಳನ ಭಯವೇ ಇಲ್ಲ. ಆದರೆ 13 ಕೆ.ಜಿ. ಅಂತ ಅಂಗಡಿಯಲ್ಲಿ ಹೇಳಿದಾಗ ಅದೇನು ಮಹಾ ಅನ್ನಿಸಿತ್ತು. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವಾಗ ಹಿಡಿದುಕೊಂಡು ನಿಂತರೆ ಗೊತ್ತಾಗುತ್ತೆ. ಮೊದಲ ತಿಂಗಳು ಭುಜಕ್ಕೆ ಮುಲಾಮು ಹಚ್ಚಿಯೇ ಮಲಗಿದೆ. ಇದಕ್ಕೆ ಹೊಂದುವ ಟೈರು ಎಲ್ಲಾ ಅಂಗಡಿಯಲ್ಲೂ ಸಿಗಲ್ಲ, ಒಮ್ಮೆ ಹನ್ನೊಂದು ದಿನ ಕಾದೆ. ಆದರೂ ವಿಷಾದ ಇಲ್ಲ.

ಮೂರು ಕಳ್ಕೊಂಡವನು:
ಮೇಡಂ, ಅದು ಆಟಿಕೆ. ನಮ್ಮೂರಿನ ಗುಂಡಿಗೆ ಆ ಪುಟ್ಟ ಚಕ್ರ ಇಳಿದರೆ ಸವಾರರು ಹ್ಯಾಂಡಲ್ ದಾಟಿ ಆಚೆ ಬೀಳುತ್ತಾರೆ.

ಮಡಚು ಸೈಕಲ್:
ಎರಡು ವರ್ಷದಲ್ಲಿ ಒಂದು ಸಲ ಬಿದ್ದಿದ್ದೇನೆ, ಅದೂ ಯಾರೋ ಕಾರಿನ ಬಾಗಿಲು ದಢಕ್ಕನೆ ತೆಗೆದಿದ್ದಕ್ಕೆ. ಆಟಿಕೆಯಾದರೂ ಇನ್ನೂ ನನ್ನ ಹತ್ತಿರವೇ ಇದೆ. ನಿಮ್ಮ ಮೂರು ಎಲ್ಲಿವೆ ಸಾರ್?

ಬಸವನಗುಡಿ ಅಕ್ಕ:
ಜಗಳ ಆಮೇಲೆ ಆಡಿ. ದೂರು ಕೊಡುವುದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನನ್ನ ಹೊಟ್ಟೆ ಉರಿ ಕೇಳಿ. ಮಗನ ಸೈಕಲ್ ಟ್ಯೂಷನ್ ಮನೆ ಮುಂದಿಂದ ಹೋಯಿತು. ಬಿಲ್ಲು ಎಲ್ಲಿಟ್ಟೆನೋ ಸಿಗಲಿಲ್ಲ. ಕೊಂಡಿದ್ದು 9,000ಕ್ಕೆ, ಮೂರು ವರ್ಷ ಹಳೇದು ಅಲ್ವಾ ಅಂತ ಪ್ರಾಮಾಣಿಕವಾಗಿ 4,800 ಅಂತ ಬರೆದುಕೊಟ್ಟೆ. ಅಲ್ಲೇ ಕೆಟ್ಟೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಕಳುವಾದ ಮಾಲಿನ ಬೆಲೆ 5,000ಕ್ಕಿಂತ ಕಡಿಮೆ ಇದ್ದರೆ ಪೊಲೀಸರು ತಾವಾಗಿ ತನಿಖೆ ಮಾಡುವ ಕೇಸಾಗಲ್ಲ, ಮ್ಯಾಜಿಸ್ಟ್ರೇಟ್ ಹೇಳಬೇಕು. ನನಗೆ ಒಂದು ಚೀಟಿ ಕೊಟ್ಟು ಕಳಿಸಿದರು, ಎಫ್‌ಐಆರ್ ಆಗಲಿಲ್ಲ. ಬರೀ 200 ರೂಪಾಯಿಗೆ! ಇವತ್ತಿಗೂ ರಾತ್ರಿ ನೆನಪಾದರೆ ನಿದ್ದೆ ಬರಲ್ಲ.

ಫ್ರೇಮ್ ನಂಬರ್ ಕೇಳಿದರು, ಅದೂ ಗೊತ್ತಿರಲಿಲ್ಲ. ಪೆಡಲ್‌ಗಳು ಕೂಡುವ ಕಡೆ, ಫ್ರೇಮಿನ ಅಡಿಯಲ್ಲಿ ಕೊರೆದಿರುತ್ತಾರೆ. ತಲೆಕೆಳಗು ಮಾಡಿ ನೋಡಬೇಕು. ಈಗ ಹೊಸ ಸೈಕಲ್‌ನದು ಫೋಟೋ ತೆಗೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಮೂರು ಕಳ್ಕೊಂಡವನು:
ಹಾಗಾದರೆ ಸುಳ್ಳು ಬೆಲೆ ಬರೆಯಿರಿ ಅಂತೀರಾ?

ಬಸವನಗುಡಿ ಅಕ್ಕ:
ಯಾವಾಗ ಹೇಳಿದೆ? ಬಿಲ್ಲು ಇಟ್ಟುಕೊಳ್ಳಿ ಅಂದೆ. ಓದಿ ಬರೆಯಿರಿ.

ಹಳೇ ಎಚ್‌ಎಂಟಿ:
ನಾನು 1979ರಿಂದ ಜಾಲಹಳ್ಳಿ ಎಚ್‌ಎಂಟಿಗೆ ಸೈಕಲ್‌ನಲ್ಲೇ ಹೋದವನು. ಶಿಫ್ಟು ಬಿಟ್ಟರೆ ಗೇಟಿನಲ್ಲಿ ಸೈಕಲ್ ಬೆಲ್ಲಿನದೇ ಸದ್ದು. ರಾತ್ರಿ ದೀಪ ಇಲ್ಲದಿದ್ದರೆ ಪೊಲೀಸರು ನಿಲ್ಲಿಸುತ್ತಿದ್ದರು, ಹಾಗಾಗಿ ಡೈನಮೋ ಬೇಕೇ ಬೇಕು. ಹಿಂದಿನ ಚಕ್ರಕ್ಕೆ ಒಂದು ಪುಟ್ಟ ಬೀಗ ಅಷ್ಟೇ, ಯಾರೂ ಮುಟ್ಟುತ್ತಿರಲಿಲ್ಲ. ಈಗ 80 ಸಾವಿರದ ಸೈಕಲ್ ತಂದು, ಬಿಗಿ ಬಟ್ಟೆ ಹಾಕಿ, ಭಾನುವಾರ ಕಾರಿನ ಮೇಲೆ ಕಟ್ಟಿಕೊಂಡು ನಂದಿಬೆಟ್ಟಕ್ಕೆ ಹೋಗುವವರಿಗೇ ಸೈಕಲ್ ಪಥ ಬೇಕಂತೆ!

ರಿಂಗ್ ರೋಡ್ ಸವಾರ:
ಯಜಮಾನರೇ, ಪಥ ಕೇಳೋದು ನಾವು ಮಾತ್ರ ಅಲ್ಲ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಪಥ ಮಾಡಿದಾಗ ನನ್ನ ಮುಂದೆ ಹೋಗುತ್ತಿದ್ದವರು ಸೆಕ್ಯುರಿಟಿ ಗಾರ್ಡುಗಳು, ಗಾರೆ ಕೆಲಸದವರು. ಟಿಫಿನ್ ಡಬ್ಬಿ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಹೋಗುತ್ತಿದ್ದರು. ಅದರೊಳಗೂ ಬೈಕು ನುಗ್ಗಿದವು. ನನ್ನ ಬಟ್ಟೆ ಬಿಗಿಯೋ ಸಡಿಲವೋ ನಿಮಗೇಕೆ?

ಹಳೇ ಎಚ್‌ಎಂಟಿ:
ಬಟ್ಟೆ ಮಾತು ವಾಪಸ್. ನಂದಿಬೆಟ್ಟದ್ದು ವಾಪಸ್ ಇಲ್ಲ.

ವಿಜಯನಗರ ವಾಸಿ:
ಬಿಲ್ಲು ಸಿಕ್ಕಿತು ಅಕ್ಕ, ವಾಷಿಂಗ್ ಮೆಷಿನ್ ಗ್ಯಾರಂಟಿ ಕಾರ್ಡಿನ ಜೊತೆ ಇತ್ತು. 11,400. ಫ್ರೇಮ್ ನಂಬರೂ ಅದರಲ್ಲೇ ಬರೆದಿದ್ದಾರೆ. ನಾಳೆ ಸ್ಟೇಷನ್‌ಗೆ ಹೋಗುತ್ತೇನೆ. ಬೀಗದ ವಿಷಯ?

ಬಸವನಗುಡಿ ಅಕ್ಕ:
ಬಿಲ್ಲಿನ ಜೆರಾಕ್ಸ್ ಕೊಡಿ, ಒರಿಜಿನಲ್ ಕೊಡಬೇಡಿ. ಎಫ್‌ಐಆರ್ ಆದರೆ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ.

ಮೂರು ಕಳ್ಕೊಂಡವನು:
ಬೀಗಕ್ಕಿಂತ ಮೊದಲು ಕಂಬ ನೋಡಿ ಗುರು. ಅಲ್ಲಾಡಿಸಿ ನೋಡಿ, ಟೊಳ್ಳು ಪೈಪಾದರೆ ಕಟ್ಟಲೇಬೇಡಿ. ಸೀಟು ಕಿತ್ತು ಒಳಗೆ ತಗೊಂಡು ಹೋಗಿ.

ಮಡಚು ಸೈಕಲ್:
ಅಥವಾ ಇಡೀ ಸೈಕಲ್ಲೇ ಒಳಗೆ ತಗೊಂಡು ಹೋಗಿ.

ಮೂರು ಕಳ್ಕೊಂಡವನು:
ಮತ್ತೆ ಶುರು ಮಾಡಿದರು ನೋಡಿ.