ಕಾರು ಬರಿಗಾಲಲ್ಲಿ ಬರುತ್ತಾ?

"ಎಪಾಕ್ಸಿನೇ ಹಾಕಿಸೋದು, ತೀರ್ಮಾನ ಆಯ್ತು" ಎಂದ ನಾಗೇಶ.

"ಯಾವ ಕಾಯಿಲೆಗಪ್ಪಾ ಅದು?" ಎಂದರು ಶೇಷಣ್ಣ.

"ಕಾಯಿಲೆಗಲ್ಲ ಶೇಷಣ್ಣ, ಕಾರ್ ಪಾರ್ಕಿಂಗ್ ನೆಲಕ್ಕೆ. ಫಳಫಳ ಅಂತ ಹೊಳೆಯುತ್ತೆ. ಕುಮಾರ, ಆ ವಿಡಿಯೋ ತೋರಿಸೋ."

ಕುಮಾರ ಆಗಲೇ ಮೊಬೈಲ್ ಮುಂದೆ ಹಿಡಿದಿದ್ದ. ಅಮೆರಿಕದಲ್ಲಿ ಯಾರೋ ಒಬ್ಬ ದಪ್ಪ ಮನುಷ್ಯ ಎರಡು ಡಬ್ಬದ ದ್ರವಗಳನ್ನು ಬಕೆಟ್ಟಿನಲ್ಲಿ ಕಲಸಿ, ಗ್ಯಾರೇಜಿನ ನೆಲಕ್ಕೆ ಸುರಿದು ಎಳೆಯುತ್ತಿದ್ದ. ಕೊನೆಗೆ ಅದರ ಮೇಲೆ ಬಣ್ಣಬಣ್ಣದ ಚೂರುಗಳನ್ನು ಎರಡೂ ಕೈಯಲ್ಲಿ ಎರಚಿದ.

"ಅಕ್ಷತೆನೂ ಬಿತ್ತು" ಎಂದರು ಶೇಷಣ್ಣ. "ಮದುಮಗ ಯಾವಾಗ ಬರ್ತಾನೆ?"

ಯಲಹಂಕದ ಆಚೆ, 30x40 ಸೈಟಿನಲ್ಲಿ ನಾಗೇಶನ ಮನೆ ಹೆಚ್ಚುಕಡಿಮೆ ಮುಗಿದಿತ್ತು. ಮಾಘದಲ್ಲಿ ಗೃಹಪ್ರವೇಶ. ಒಳಗಿನ ನೆಲವೆಲ್ಲ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನವಾಗಿತ್ತು. ಉಳಿದದ್ದು ಮೆಟ್ಟಿಲು, ಮೀಟರ್ ಬೋರ್ಡು ಕಳೆದು ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಪಾರ್ಕಿಂಗ್. ಅದಕ್ಕೆ ಮೂರು ಭಾನುವಾರದಿಂದ ಸಭೆ. ಗೋಡೆಗೆ ಒರಗಿಸಿದ ಸ್ಯಾಂಪಲ್ಲುಗಳೇ ಒಂದು ಸಣ್ಣ ಅಂಗಡಿಯಷ್ಟಿದ್ದವು. ಪಾರ್ಕಿಂಗ್ ಟೈಲ್ಸ್, ಕಡಪ, ಶಹಾಬಾದ್, ಗ್ರಾನೈಟ್, ಇಂಟರ್‌ಲಾಕ್, ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಬಿಲ್ಲೆ ಕೂಡ.

"ನಂದು ಒಂದೇ ಪ್ರಶ್ನೆ" ಎಂದರು ಶೇಷಣ್ಣ, ಸಿಮೆಂಟ್ ಚೀಲದ ಮೇಲೆ ಕೂರುತ್ತಾ. "ಕಾರು ಬರಿಗಾಲಲ್ಲಿ ಬರುತ್ತಾ?"

"ಏನು ಹಾಗಂದ್ರೆ?"

"ಅಲ್ಲ, ಇಷ್ಟು ನುಣ್ಣಗಿನ ನೆಲ ಯಾರ ಪಾದಕ್ಕೆ ಅಂತ. ಚಳಿಗೆ ಅದರ ಹಿಮ್ಮಡಿ ಒಡೆಯುತ್ತಾ? ರಾತ್ರಿ ನೀರು ಕುಡಿಯೋಕೆ ಎದ್ದಾಗ ಕಾಲು ತಣ್ಣಗಾಯ್ತು ಅನ್ನುತ್ತಾ? ಅದು ಹುಟ್ಟಿನಿಂದಲೇ ಬೂಟ್ಸ್ ಹಾಕ್ಕೊಂಡಿರೋ ಪ್ರಾಣಿ ಕಣೋ. ರಸ್ತೆಯ ಗುಂಡಿ, ಮೋರಿ, ಸಗಣಿ ಎಲ್ಲ ತುಳಿದು ಬಂದು ಅದೇ ಬೂಟ್ಸಲ್ಲಿ ರಾತ್ರಿಯಿಡೀ ನಿದ್ದೆ ಮಾಡುತ್ತೆ."

"ನೀವು ಎಲ್ಲದಕ್ಕೂ ತಮಾಷೆ ಮಾಡ್ತೀರಿ. ಈಗ ಎಲ್ಲರೂ ಹಾಕಿಸ್ತಿದ್ದಾರೆ. ಆಯಿಲ್ ಸೋರಿದ್ರೂ ಕಲೆ ಹಿಡಿಯಲ್ಲ, ಬಟ್ಟೇಲಿ ಒರೆಸಿದ್ರೆ ಹೋಯ್ತು."

"ಬಟ್ಟೇಲಿ ಒರೆಸೋರು ಯಾರು?" ಒಳಗಿನಿಂದ ಗಿರಿಜಾ ಕೇಳಿದಳು. ಆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಮೇಸ್ತ್ರಿ ಮುನಿಯಪ್ಪ ಬೀಡಿ ಆರಿಸಿ ಮುಂದೆ ಬಂದ. "ಸಾರ್, ನೀವು ಹೇಳಿದ ಹಾಗೆ ನಿನ್ನೆ ಪ್ಲಾಸ್ಟಿಕ್ ಅಂಟಿಸಿದೀನಿ. ನೋಡೋಣ ಬನ್ನಿ."

ಸಂಪಿನ ಮುಚ್ಚಳದಿಂದ ಒಂದು ಮೊಳ ದೂರದಲ್ಲಿ, ಒರಟು ಕಾಂಕ್ರೀಟಿನ ಮೇಲೆ ಒಂದು ಚೌಕ ಪ್ಲಾಸ್ಟಿಕ್ ಹಾಳೆ. ನಾಲ್ಕೂ ಅಂಚಿಗೆ ಕಂದು ಟೇಪು. ಎಪಾಕ್ಸಿ ಬಳಿಯೋ ಮೊದಲು ಹೀಗೆ ಒಂದು ದಿನ ಬಿಟ್ಟು ನೋಡಬೇಕು ಎಂದು ವಿಡಿಯೋದಲ್ಲಿ ಆ ದಪ್ಪ ಮನುಷ್ಯನೇ ಹೇಳಿದ್ದ. ಮುನಿಯಪ್ಪ ಉಗುರಿನಿಂದ ಟೇಪಿನ ಒಂದು ಮೂಲೆ ಎಬ್ಬಿಸಿದ. ಹಾಳೆಯ ಒಳಮೈಗೆಲ್ಲ ಸಾಸಿವೆ ಗಾತ್ರದ ಹನಿಗಳು. ಎತ್ತಿದ ಕೂಡಲೇ ಒಂದಕ್ಕೊಂದು ಸೇರಿ ಅವನ ಮಣಿಕಟ್ಟಿಗೆ ಇಳಿದವು. ಕೆಳಗಿನ ಕಾಂಕ್ರೀಟ್ ಸುತ್ತಲಿಗಿಂತ ಕಪ್ಪಗಿತ್ತು.

"ಬೆವರಿದೆ" ಎಂದ ಮುನಿಯಪ್ಪ.

"ಯಾಕೆ ಬೆವರಲ್ಲ?" ಎಂದರು ಶೇಷಣ್ಣ. "ನಿನ್ನ ಸಾಲದ ಲೆಕ್ಕ ಅದಕ್ಕೂ ಗೊತ್ತಾಗಿರಬೇಕು."

"ಅದಲ್ಲ ಸಾರ್. ಕಾಂಕ್ರೀಟ್ ಹಾಕಿ ಇನ್ನೂ 28 ದಿನ ಆಗಿಲ್ಲ. ಮೇಲಾಗಿ ಅಡಿಯಿಂದ ತೇವ ಏಳ್ತಿದೆ. ಇದರ ಮೇಲೆ ಬಳಿದ್ರೆ ಬೊಬ್ಬೆ ಬರುತ್ತೆ, ಆಮೇಲೆ ಹಪ್ಪಳ ಎದ್ದ ಹಾಗೆ ಏಳುತ್ತೆ. ಹೋದ ವರ್ಷ ಒಂದು ಮನೇಲಿ ಹಿಂಗೇ ಆಗಿ ಎಲ್ಲ ಕೆರೆದು ತೆಗೆದ್ವಿ. ಕೆರೆದಿದ್ದಕ್ಕೇ ಬಳಿದಿದ್ದಕ್ಕಿಂತ ಜಾಸ್ತಿ ಕೂಲಿ."

"ಒಣಗೋವರೆಗೂ ಕಾಯೋಣ" ಎಂದ ನಾಗೇಶ.

"ಕಾಯಬಹುದು. ಆದ್ರೆ ತುಮಕೂರು ರಸ್ತೇಲಿ ಬಿಸಿಲಲ್ಲಿ ಓಡಿ ಬಂದ ಗಾಡಿ ತಂದು ನಿಲ್ಲಿಸಿದ್ರೆ, ಟೈರಿನ ಕಾವಿಗೆ ಮೇಲಿನ ಬಣ್ಣ ಮೆತ್ತಗಾಗುತ್ತೆ ಸಾರ್. ಕೆಲಸ ಸರಿಯಾಗಿ ಆಗಿಲ್ಲ ಅಂದ್ರೆ ರಾತ್ರಿ ಟೈರು ಆರುವಾಗ ಅದಕ್ಕೇ ಅಂಟ್ಕೊಳ್ಳುತ್ತೆ. ಬೆಳಗ್ಗೆ ಗಾಡಿ ತೆಗೆದ್ರೆ ನೆಲ ಕಿತ್ಕೊಂಡು ಬರುತ್ತೆ."

ಶೇಷಣ್ಣನವರಿಗೆ ಹಬ್ಬ. "ನೋಡು ನಾಗೇಶ, ಬೇರೆಯವರ ಮನೆ ಕಾರು ಬೆಳಗ್ಗೆ ಆಫೀಸಿಗೆ ಹೋಗುತ್ತೆ. ನಿಮ್ಮ ಮನೆ ಕಾರು ಆಫೀಸಿಗೆ ನೆಲವನ್ನೂ ಕರ್ಕೊಂಡು ಹೋಗುತ್ತೆ. ಅಂದ ಹಾಗೆ ಕಾರು ಯಾವುದು? ಬಂತಾ?"

ನಾಗೇಶ ಇಂಟರ್‌ಲಾಕ್ ಕಲ್ಲೊಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಕಾರು ಇನ್ನೂ ತಗೊಂಡಿಲ್ಲ ಶೇಷಣ್ಣ" ಎಂದಳು ಗಿರಿಜಾ, ಕಾಫಿ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದು. "ಮನೆ ಸಾಲ ಒಂದು ದಡ ಸೇರಲಿ ಅಂತ. ಸದ್ಯಕ್ಕೆ ಇವರ ಸ್ಕೂಟರೇ ಗತಿ."

"ಕೂಸು ಹುಟ್ಟೋ ಮುಂಚೆ ಕುಲಾವಿ!" ಎಂದು ಶೇಷಣ್ಣ ಚೀಲದ ಮೇಲಿಂದ ಎದ್ದೇಬಿಟ್ಟರು. "ಕೂಸಿನ ಕಾಲು ಎಷ್ಟುದ್ದ ಅಂತಾನೂ ಗೊತ್ತಿಲ್ಲ, ಆಗಲೇ ರತ್ನಗಂಬಳಿ!"

"ಉದ್ದ ಗೊತ್ತು" ಎಂದ ಕುಮಾರ. "ನಾಲ್ಕು ಮೀಟರ್ ಒಳಗಿಂದೇ ತಗೋಬೇಕು, ಟ್ಯಾಕ್ಸ್ ಕಡಿಮೆ. ಹದಿಮೂರು ಅಡಿ ಲೆಕ್ಕ ಹಾಕಿ. ಹಿಂದೆ ಮುಂದೆ ಜಾಗ ಬಿಟ್ಟರೂ ಗೇಟ್ ಹಾಕಬಹುದು."

"ಹಾಗಾದ್ರೆ ಟೈಲ್ಸ್ ಹಾಕಿಸಿಬಿಡೋಣ" ಎಂದ ನಾಗೇಶ, ಮಾತು ಕಾರಿನಿಂದ ಹೇಗಾದರೂ ನೆಲಕ್ಕೆ ಇಳಿಯಲಿ ಎಂದು. "ಹನ್ನೆರಡು ಎಂಎಂ ದಪ್ಪದ್ದು. ಪಾರ್ಕಿಂಗಿಗೆ ಅಂತಲೇ ಮಾಡಿರೋದು."

ಟೈಲ್ಸಿನ ತಪ್ಪೇನೂ ಇಲ್ಲ ಎಂದ ಮುನಿಯಪ್ಪ. ಹಾಕುವವರದ್ದೇ ತಪ್ಪಂತೆ. ಅವಸರಕ್ಕೆ ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಮುದ್ದೆ ಸಿಮೆಂಟಿಟ್ಟು ಟೈಲ್ಸ್ ಕೂರಿಸುತ್ತಾರೆ. ಅಡಿ ಪೊಳ್ಳು. ಒಂದು ಟನ್ ಗಾಡಿಯ ಚಕ್ರ ಆ ಪೊಳ್ಳಿನ ಮೇಲೇ ಬಂದು ನಿಂತರೆ ಎಂಥ ಟೈಲ್ಸೂ ಸೀಳುತ್ತದೆ. ಅವನು ಕರಣೆಯನ್ನು ತಿರುಗಿಸಿ ಹಿಡಿದು ಅದರ ಹಿಡಿಯಿಂದ ಮೆಟ್ಟಿಲಿನ ಟೈಲ್ಸಿಗೆ ಕುಟ್ಟಿ ತೋರಿಸಿದ. ಠಕ್, ಠಕ್. ಮೂರನೆಯ ಮೆಟ್ಟಿಲಿಗೆ ಬಂದಾಗ ಡಬ್ ಎಂದಿತು. ಮುನಿಯಪ್ಪ ಕರಣೆಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ.

"ಇದು ಯಾರು ಹಾಕಿದ್ದು?" ಎಂದರು ಶೇಷಣ್ಣ.

"ಹುಡುಗರು ಸಾರ್."

ಪ್ರಪಂಚದಲ್ಲಿ ಪೊಳ್ಳಾಗಿ ಕೂತ ಪ್ರತಿ ಟೈಲ್ಸನ್ನೂ ಹುಡುಗರೇ ಹಾಕಿರುತ್ತಾರೆ. ಮೇಸ್ತ್ರಿಗಳು ಹಾಕಿದ್ದು ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.

ಅಲ್ಲಿಂದ ಮಾತು ಶಹಾಬಾದ್ ಕಲ್ಲಿಗೆ ಹೋಯಿತು. "ಅದು ಹಳೇ ಕಾಲದ್ದು" ಎಂದ ಕುಮಾರ. "ಕಲಬುರಗಿ ಕಡೆ ಹೋಗಿ ಹಾಗಂದು ನೋಡು" ಎಂದರು ಶೇಷಣ್ಣ. "ಗೋಡೆ ಅದೇ, ನೆಲ ಅದೇ, ಚಾವಣಿಯೂ ಅದೇ. ಮನೆಯೊಳಗೆ ಹೋಗಿ ನಿಂತರೆ ಸುತ್ತಲೂ ಶಹಾಬಾದು." ಆದರೆ ಅದೂ ಕಡಪಾನೂ ಸುಣ್ಣದ ಕಲ್ಲು. ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೀತೀವಿ ಅಂತ ಯಾರಾದರೂ ಆಸಿಡ್ ಸುರಿದರೆ ಬುಸ್ಸೆಂದು ನೊರೆ ಬಂದು ಶಾಶ್ವತವಾಗಿ ಬಿಳಿ ಮಚ್ಚೆ. ಆಸಿಡ್ ಸುರಿಯುವವರೂ ಹುಡುಗರೇ.

ಇಂಟರ್‌ಲಾಕ್ ಆಗಬಹುದಿತ್ತು. ಕಾರಿಗೆ 60 ಎಂಎಂ ದಪ್ಪದ್ದು ಸಾಕು, ಒಡೆದರೆ ಒಂದೇ ಕಲ್ಲು ಕಿತ್ತು ಹಾಕಬಹುದು, ಸಂದಿಯಲ್ಲಿ ಮಳೆನೀರೂ ಇಂಗುತ್ತದೆ. ಆದರೆ ಇಲ್ಲಿ ಅಡಿಯಲ್ಲಿರುವುದು ಸಂಪು.

"ಸಂಪು ಅಂದಾಗ ನೆನಪಾಯ್ತು" ಎಂದಳು ಗಿರಿಜಾ. "ಈ ನೆಲದ ಮೇಲೆ ಕಾರು ತೊಳೀತಾರಲ್ಲ, ಆ ಆಯಿಲ್ ನೀರು ಎಲ್ಲಿಗೆ ಹೋಗುತ್ತೆ?"

ಎಲ್ಲರೂ ಸಂಪಿನ ಮುಚ್ಚಳ ನೋಡಿದರು. ಅದು ಪಾರ್ಕಿಂಗಿನ ನಟ್ಟನಡುವೆ, ನೆಲದ ಮಟ್ಟಕ್ಕೆ ಸಮವಾಗಿ, ಅಂದವಾಗಿ ಕೂತಿತ್ತು. ಕುಮಾರ ಹೇಳಿದ್ದ, ಎದ್ದು ಕಾಣಬಾರದು ಅಂತ.

"ಹೊಳೆಯೋ ನೆಲ, ಅದರ ಮೇಲೆ ಹೊಳೆಯೋ ಕಾರು, ಅದನ್ನು ತೊಳೆದ ನೀರಲ್ಲಿ ಕಾಫಿ" ಎಂದು ಶೇಷಣ್ಣ ಲೋಟದೊಳಗೆ ಒಮ್ಮೆ ಇಣುಕಿದರು. "ನೋಡಪ್ಪ, ಬಣ್ಣ ಆಮೇಲೆ. ಮೊದಲು ಇಳಿಜಾರು ನೋಡು. ಎಂಟು ಅಡಿಗೆ ಒಂದು ಇಂಚು, ಗೇಟಿನ ಕಡೆಗೆ. ಮುಚ್ಚಳದ ಸುತ್ತ ಎರಡು ಇಂಚು ಕಟ್ಟೆ. ಚಕ್ರಕ್ಕೆ ತಗುಲದ ಹಾಗೆ ನಡುವಿಗಿದೆ, ಅದೊಂದು ಪುಣ್ಯ."

"ಕಟ್ಟೆ ಕಟ್ಟಿದ್ರೆ ಲುಕ್ ಹೋಗುತ್ತೆ" ಎಂದ ಕುಮಾರ.

"ಇಲ್ಲಾಂದ್ರೆ ಹೊಟ್ಟೆ ಹೋಗುತ್ತೆ."

ಅಮ್ಮ ಇಷ್ಟೂ ಹೊತ್ತು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. "ನಮ್ಮೂರ ಕೊಟ್ಟಿಗೇಲೂ ಹಂಗೇ ಇಳಿಜಾರು ಇತ್ತಲ್ಲ" ಎಂದರು. "ನಿಮ್ಮ ತಾತ ಹಾಕಿಸಿದ್ದು. ಗಂಜಲ ಒಂದು ಹನಿ ನಿಲ್ತಿರಲಿಲ್ಲ, ಹಿಂದಿನ ಗುಂಡಿಗೆ ಹೋಗೋದು. ಚಪ್ಪಡಿ ಮೇಲೆ ಉಳಿ ಏಟು ಹಂಗೇ ಬಿಡಿಸಿದ್ರು. ನುಣ್ಣಗೆ ಮಾಡಿದ್ರೆ ದನ ಜಾರಿ ಕಾಲು ಮುರ್ಕೊಳ್ತವೆ ಅಂತ."

"ತಾತನೂ ವಿಡಿಯೋ ನೋಡಿದ್ರಾ?" ಎಂದರು ಶೇಷಣ್ಣ. ಅಮ್ಮ ನಕ್ಕರು.

"ಆ ಚಪ್ಪಡಿಗಳನ್ನೇ ತರಿಸಬಹುದಲ್ಲ?" ಎಂದ ಕುಮಾರ. ಅವನ ಬಾಯಲ್ಲಿ ಆ ಬೆಳಗ್ಗೆ ಬಂದ ಮೊದಲ ಒಳ್ಳೇ ಮಾತು.

"ಮಾರಿಬಿಟ್ವಿ" ಎಂದ ನಾಗೇಶ. "ಪಾಲಾದ ವರ್ಷ. ಶಿರಾದಿಂದ ಒಬ್ಬ ಲಾರಿ ತಂದು ಎಲ್ಲ ಎತ್ಕೊಂಡು ಹೋದ. ಕೊಟ್ಟಿಗೆ ಬೀಳೋ ಹಾಗಿತ್ತು, ದನಗಳೂ ಇರಲಿಲ್ಲ, ಕಲ್ಲು ಇಟ್ಕೊಂಡು ಏನ್ಮಾಡೋದು ಅಂತ." ಸ್ವಲ್ಪ ತಡೆದು ಹೇಳಿದ. "ಆಮೇಲೆ ಒಂದ್ಸಲ ನೋಡಿದೆ. ಆಫೀಸಿನವರ ಜೊತೆ ನಂದಿ ಬೆಟ್ಟದ ಕಡೆ ಒಂದು ರೆಸಾರ್ಟಿಗೆ ಹೋಗಿದ್ವಿ. ಈಜುಕೊಳದ ಪಕ್ಕ ಹಾಸಿದ್ರು. ಒಂದರ ಅಂಚಲ್ಲಿ ಗೂಟದ ತೂತಿತ್ತು. ಅದರಲ್ಲಿ ಬಣ್ಣದ ಛತ್ರಿ ಸಿಕ್ಕಿಸಿದ್ರು."

"ಬಾಗಿಲ ಕಡೇದಾ?" ಎಂದರು ಅಮ್ಮ.

"ಹೂಂ."

"ಅದು ಕೆಂದಿ ಗೂಟ."

ಶೇಷಣ್ಣನವರಿಗೆ ಇಲ್ಲೊಂದು ಮಾತು ಸಲೀಸಾಗಿ ಸಿಗುತ್ತಿತ್ತು. ಆಡಲಿಲ್ಲ. ಮುನಿಯಪ್ಪ ಗೋಡೆಗೆ ಒರಗಿಸಿದ್ದ ಗ್ರಾನೈಟ್ ತುಂಡೊಂದನ್ನು ತಂದು ಅಮ್ಮನ ಕಾಲ ಬಳಿ ಮಲಗಿಸಿದ. "ಇದು ಸಾದರಹಳ್ಳಿ ಕಲ್ಲು ಅಮ್ಮ. ದೇವನಹಳ್ಳಿ ಹತ್ತಿರದ್ದು. ಮೇಲೆ ಬೆಂಕಿ ಹಾಯಿಸಿದಾರೆ, ಕಾವಿಗೆ ಮೇಲ್ಮೈ ಚಟಚಟ ಸಿಡಿದು ತರಿತರಿ ಆಗುತ್ತೆ. ಮುಟ್ಟಿ ನೋಡಿ."

ಅಮ್ಮ ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು, ಗಿರಿಜಾಳ ಭುಜ ಹಿಡಿದು ಅದರ ಮೇಲೆ ನಿಂತರು. ಅಂಗಾಲನ್ನು ಹಿಂದೆ ಮುಂದೆ ಉಜ್ಜಿ ನೋಡಿದರು.

"ಗೇಟಿಂದ ಬಾಗಿಲಿಗೆ ದಿನಾ ಓಡಾಡೋರು ನಾವೇ ಅಲ್ವಾ" ಎಂದಳು ಗಿರಿಜಾ.

"ಆದ್ರೆ ಇದು ತುಂಬ ಸಾದಾ ಕಾಣುತ್ತೆ" ಎಂದ ನಾಗೇಶ, ಅರ್ಧ ಸೋತ ದನಿಯಲ್ಲಿ. "ಎಪಾಕ್ಸಿಯಲ್ಲಿ ಮಾರ್ಬಲ್ ಡಿಸೈನ್ ಬರುತ್ತಿತ್ತು."

"ಬಿಸಿಲು ಬೀಳೋ ಜಾಗದಲ್ಲಿ ಹಳದಿ ಆಗುತ್ತೆ ಸಾರ್ ಅದು" ಎಂದ ಮುನಿಯಪ್ಪ.

"ಒದ್ದೆಯಾದ್ರೆ ಜಾರಲ್ವೇನಪ್ಪ?" ಎಂದರು ಅಮ್ಮ.

"ಮರಳು ಬೆರೆಸಿ ಬಳಿಯದೇ ಇದ್ರೆ ಜಾರುತ್ತೆ ಅಮ್ಮ. ನಯ ಇದ್ದಷ್ಟೂ ಜಾರೋದೇ."

"ಹಾಗಾದ್ರೆ ಗೃಹಪ್ರವೇಶದ ದಿನ ಹಸು ಹೇಗೋ ಒಳಗೆ ಬರುತ್ತೆ?"

ಈ ಪ್ರಶ್ನೆ ಮೂರು ಭಾನುವಾರದಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಬ್ರಾಹ್ಮೀ ಮುಹೂರ್ತ. ಆಗಷ್ಟೇ ನೀರು ಹಾಕಿ ತೊಳೆದ ನೆಲ. ವಾಲಗದ ಸದ್ದಿಗೆ ಬೆಚ್ಚಿದ ಹಸು, ಜೊತೆಗೆ ಕರು. ಹಿಂದೆ ನೂರು ಜನ.

ಶೇಷಣ್ಣನವರ ಮುಖ ಅರಳಿತು. "ಬೆಳಗ್ಗೆಯಿಂದ ಬರಿಗಾಲಲ್ಲಿ ಬರೋರು ಯಾರು, ಯಾರು ಅಂತ ಕೇಳ್ತಾನೇ ಇದ್ದೆ. ನಾಲ್ಕು ಕಾಲಿಂದು ಇದೆ ಅಂತ ಈಗ ಹೇಳ್ತಿದೀರಲ್ಲ!"

"ಗೋಣಿಚೀಲ ಹಾಸಿದ್ರಾಯ್ತು" ಎಂದ ಕುಮಾರ. "ಅಲ್ಲ ಶೇಷಣ್ಣ, ಹಸು ಬಂದು ಹೋಗೋದು ಹತ್ತು ನಿಮಿಷ. ಕಾರು ಇಪ್ಪತ್ತು ವರ್ಷ ಇರುತ್ತೆ. ಯಾರನ್ನು ನೋಡಿ ನೆಲ ಹಾಕಿಸಬೇಕು?"

"ಕಾರು ಬರುತ್ತೋ ಇಲ್ಲವೋ, ಬ್ಯಾಂಕಿನವರು ಹೇಳಬೇಕು" ಎಂದರು ಶೇಷಣ್ಣ. "ಹಸುವಿಗೆ ಮೊನ್ನೆನೇ ಅಡ್ವಾನ್ಸ್ ಕೊಟ್ಟಾಗಿದೆ."

ಮುನಿಯಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. "ನೂರಾ ಎಂಬತ್ತು ಅಡಿ. ಒಡೆಯೋದಕ್ಕೆ ಅಂತ ಇನ್ನೊಂದು ಹದಿನೈದು ಜಾಸ್ತಿ ಬರ್ಕೊಳ್ಳಲಾ ಸಾರ್?"

"ಯಾರು ಒಡೀತಾರೆ?" ಎಂದಳು ಗಿರಿಜಾ.

"ಹುಡುಗರು ಅಮ್ಮ" ಎಂದ ಮುನಿಯಪ್ಪ.