ಕ್ಯಾಂಟಿಲಿವರ್ ಸಾರುವೆ ಹೊರಗಡೆ ಇಳಿಯುತ್ತಿದೆ, ದಿನಾ ನಟ್ ಬಿಗಿ ಮಾಡಿದರೂ ನಿಲ್ಲುತ್ತಿಲ್ಲ

ಮೈಸೂರುಸೈಟ್
ನಾಲ್ಕನೇ ಮಹಡಿ ಸ್ಲ್ಯಾಬಿನಿಂದ ಬೀಮ್ ಹೊರಗೆ ಚಾಚಿ, ಅದರ ಮೇಲೆ ಕಪ್‌ಲಾಕ್ (ಕಂಬದ ಬಟ್ಟಲಿಗೆ ಅಡ್ಡ ಪೈಪ್ ಸಿಕ್ಕಿಸುವ) ಸಾರುವೆ ಎಬ್ಬಿಸಿದ್ದೇವೆ. ಹೊರಗಿನ ಪ್ಲಾಸ್ಟರಿಂಗ್ ಕೆಲಸ. ಆರು ಲಿಫ್ಟ್, ಅಂದರೆ ಸಾರುವೆಯ ಆರು ಅಂತಸ್ತು, 12 ಮೀಟರ್ ಎತ್ತರ. ಮೂರು ದಿನದಿಂದ ಹೊರಸಾಲಿನ ಕಂಬಗಳು ಇಳಿಯುತ್ತಿವೆ. ದಾರ ಕಟ್ಟಿ ಅಳೆದರೆ ಹೊರ ಕಂಬದ ಬುಡದಲ್ಲಿ ಬೀಮು 26 ಮಿಮೀ ಕೆಳಗಿದೆ. ಬೆಳಿಗ್ಗೆ ಬೆಳಿಗ್ಗೆ ಬೀಮನ್ನು ಸ್ಲ್ಯಾಬಿಗೆ ಹಿಡಿದಿರುವ ಹಿಂದಿನ ಯು-ಬೋಲ್ಟ್ ನಟ್ ಬಿಗಿ ಮಾಡಿಸುತ್ತೇನೆ, ಸಂಜೆಗೆ ಮತ್ತೆ ಅದೇ ಕಥೆ. ಕಟ್ಟಿರುವುದೆಲ್ಲ ಮಾಮೂಲಿ ಪದ್ಧತಿಯಲ್ಲೇ, ಅದರಲ್ಲಿ ತಪ್ಪಿಲ್ಲ. ಏನು ಮಾಡಬೇಕು ಬೇಗ ಹೇಳಿ, ಗಾರೆಯವರು ಕೆಲಸ ನಿಲ್ಲಿಸುವುದಿಲ್ಲ ಅಂತಿದ್ದಾರೆ.

ಹುಬ್ಬಳ್ಳಿಸ್ಟೀಲ್
ಬೀಮ್ ಯಾವುದು ಹಾಕೀರಿ? ಐಎಸ್‌ಎಂಬಿ 150 (150 ಎಂಎಂ ಎತ್ತರದ ಐ ಆಕಾರದ ಉಕ್ಕಿನ ಬೀಮ್) ಇರಬೇಕು. ಆರು ಲಿಫ್ಟಿಗೆ ಅದು ಸಾಲಂಗಿಲ್ರಿ. ಬಾಗೇತಿ, ಅಷ್ಟೇ. 200 ಹಾಕ್ರಿ, ಮುಗೀತು.

ತೂಗುಗುಂಡು
ಮೈಸೂರು ಅವರೇ, ಮೊದಲು ಸಾರುವೆ ಮೇಲಿರುವವರನ್ನು ಇಳಿಸಿ. ಹತ್ತುವ ದಾರಿ ಕಟ್ಟಿ, ಕೆಂಪು ಬೋರ್ಡ್ ನೇತುಹಾಕಿ. ಭಾರ ಹೊತ್ತಿರುವಾಗ ನಟ್ ಮುಟ್ಟಬೇಡಿ. ಆಮೇಲೆ ಇಷ್ಟು ತಿಳಿಸಿ. ಬೀಮಿನ ಒಟ್ಟು ಉದ್ದ ಎಷ್ಟು, ಹೊರಗೆಷ್ಟು, ಒಳಗೆಷ್ಟು? ಯು-ಬೋಲ್ಟ್ ಎಷ್ಟು ದಪ್ಪ, ಒಂದು ಬೀಮಿಗೆ ಎಷ್ಟು? ಸ್ಲ್ಯಾಬ್ ಅಂಚಿನಲ್ಲಿ ಬೀಮಿನ ಕೆಳಗೆ ಏನಿಟ್ಟಿದ್ದೀರಿ? ನಟ್ ಬಿಗಿ ಮಾಡುವಾಗ ಎಷ್ಟು ಸುತ್ತು ತಿರುಗುತ್ತದೆ? ಕೊನೆಯ ಪ್ರಶ್ನೆಗೆ ಅಂದಾಜು ಬೇಡ, ನೋಡಿ ಹೇಳಿ.

ಮೈಸೂರುಸೈಟ್
ಬೀಮು 150 ಹೌದು. 1.5 ಮೀಟರಿಗೊಂದು. ಯು-ಬೋಲ್ಟ್ 16 ಮಿಮೀ, ಬೀಮಿನ ಬಾಲದ (ಒಳತುದಿಯ) ಹತ್ತಿರ ಎರಡು, ಸ್ಲ್ಯಾಬ್ ಹಾಕುವಾಗಲೇ ಕೆಳಗಿನ ಜಾಲರಿ ಕಂಬಿಯ ಅಡಿಯಿಂದ ತಂದು ಕೂರಿಸಿದ್ದು. ನಟ್ ಅರ್ಧ ಸುತ್ತು ಹೋಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಒಳ ಕಂಬ ಅಂಚಿನಿಂದ 0.3 ಮೀಟರ್, ಹೊರ ಕಂಬ 1.2 ಮೀಟರ್. ಎರಡು ಕಡೆಯೂ ಸೇರಿ ಎಲ್ಲಾ ಬೀಮುಗಳೂ ಒಂದೇ ಅಳತೆ.

ಹುಬ್ಬಳ್ಳಿಸ್ಟೀಲ್
ನೋಡ್ರಿ, 150 ಅಂತ ನಾ ಹೇಳಿದ್ದೆ. 1.2 ಮೀಟರ್ ಹೊರಗ ಕಂಬ ನಿಂತರ 150 ಬಾಗದೆ ಏನು ಮಾಡ್ತೈತಿ? ಬೀಮ್ ಬದಲಿ ಮಾಡ್ರಿ, ಬೇರೆ ಎಲ್ಲಾ ಆಮೇಲೆ.

ಕರಾವಳಿ_ಸಾರುವೆ
ಲೆಕ್ಕ ಹಾಕುವ ಮಾರಾಯ್ರೆ. ಕಪ್‌ಲಾಕ್ ಕಂಬ, ಲೆಡ್ಜರ್ (ಅಡ್ಡ ಪೈಪ್), ಬ್ರೇಸ್ (ಓರೆ ಪೈಪ್), ಎರಡು ಮಟ್ಟದ ಹಲಗೆ, ಒಂದು ಮಟ್ಟದಲ್ಲಿ ಚದರ ಮೀಟರಿಗೆ 200 ಕೆಜಿ ಕೆಲಸದ ಭಾರ ಹಿಡಿದರೆ ಹೊರ ಕಂಬಕ್ಕೆ ಸುಮಾರು 350 ಕೆಜಿ, ಒಳ ಕಂಬಕ್ಕೆ 320. ಅಂಚಿನಲ್ಲಿ ಬೀಮನ್ನು ಬಾಗಿಸುವ ಬಲ (ಮೊಮೆಂಟ್) 5.2 ಕಿಲೋನ್ಯೂಟನ್ ಮೀಟರ್ ಆಸುಪಾಸು. 150ರ ಸೆಕ್ಷನ್ ಮಾಡ್ಯುಲಸ್ (ಬಾಗು ತಡೆಯುವ ಶಕ್ತಿಯ ಅಳತೆ) 97 ಘನ ಸೆಂಮೀ ಹತ್ತಿರ. ಒತ್ತಡ ಚದರ ಮಿಮೀಗೆ 54 ನ್ಯೂಟನ್ ಕೂಡ ಮುಟ್ಟುವುದಿಲ್ಲ. ತುದಿಯ ಬಾಗು 3 ಮಿಮೀ. ಉಳಿದ 23 ಮಿಮೀ ಬೀಮಿನದ್ದಲ್ಲ. 200 ಹಾಕಿದರೆ ಆ 3 ಮಿಮೀ ಒಂದಾಗಬಹುದು, 23 ಹಾಗೇ ಇರ್ತದೆ.

ಕಪ್‌ಲಾಕ್77
ಪೈಪ್-ಕಪ್ಲರ್ ಸಾರುವೆ ಆಗಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಅನ್ನುವವರು ಬರುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ. ಇದು ಕಪ್‌ಲಾಕಿನ ತಪ್ಪಲ್ಲ. ನಮ್ಮಲ್ಲಿ ಈಗ ಒಂಬತ್ತು ಲಿಫ್ಟ್ ನಿಂತಿದೆ, ಐಎಸ್‌ಎಂಬಿ 200, ಪ್ರತಿ ಬೀಮಿನ ತುದಿಗೂ ಮೇಲಿನ ಮಹಡಿಯಿಂದ 12 ಮಿಮೀ ವೈರ್‌ರೋಪ್, ಟರ್ನ್‌ಬಕಲ್ (ತಿರುಗಿಸಿ ರೋಪ್ ಬಿಗಿ ಮಾಡುವ ಕೊಂಡಿ). ಲೇಸರ್ ಇಟ್ಟು ನೋಡಿದರೂ ಒಂದು ಗೆರೆ ಆಚೀಚೆ ಇಲ್ಲ. ಮೈಸೂರು ಅವರೇ, ರೋಪ್ ಹಾಕಿ ಟರ್ನ್‌ಬಕಲ್ ತಿರುಗಿಸಿ ಎತ್ತಿಬಿಡಿ.

ಕರಾವಳಿ_ಸಾರುವೆ
ರೋಪಿನಲ್ಲಿ ಎತ್ತಬೇಡಿ. ರೋಪ್ ಹೆಚ್ಚುವರಿ ಕಾವಲು ಮಾತ್ರ, ಲೆಕ್ಕದಲ್ಲಿ ಅದರ ಬಲ ಹಿಡಿಯಬಾರದು. ಒಂದು ತುದಿ ಎತ್ತಿದರೆ ಪಕ್ಕದ ತುದಿಯ ಭಾರವೂ ಇದಕ್ಕೇ ಬರ್ತದೆ, ಲೆಡ್ಜರ್ ಬಾಗ್ತದೆ. ರೋಪ್ ಕ್ಲಾಂಪ್ ಕೂಡ ಸರಿ ಹಾಕಿದ್ದು ನೋಡುವುದೇ ಅಪರೂಪ. ಕನಿಷ್ಠ ಮೂರು, ನಡುವೆ 75 ಮಿಮೀ, ಯು ಭಾಗ ಸಣ್ಣ ತುದಿಯ ಮೇಲೆ, ತಡಿ (ಕ್ಲಾಂಪಿನ ಸ್ಯಾಡಲ್ ಭಾಗ) ಭಾರ ಹೊರುವ ಎಳೆಯ ಮೇಲೆ.

ಕಪ್‌ಲಾಕ್77
ಕ್ಲಾಂಪ್ ಹಾಕುವುದು ನನಗೂ ಗೊತ್ತು ಸಾರ್. ಒಂಬತ್ತು ಲಿಫ್ಟ್ ಸುಮ್ಮನೆ ನಿಂತಿಲ್ಲ.

ತೂಗುಗುಂಡು
ರೋಪಿನ ಜಗಳ ಆಮೇಲೆ. ಮೈಸೂರು ಅವರು ಕೊಟ್ಟ ಒಂದು ಮಾತಿನಲ್ಲಿ ಅರ್ಧ ಉತ್ತರ ಇದೆ. 16 ಮಿಮೀ ಬೋಲ್ಟಿನ ತ್ರೆಡ್ 2 ಮಿಮೀ ಅಂತರದ್ದು. ಅರ್ಧ ಸುತ್ತು ಅಂದರೆ 1 ಮಿಮೀ. ಬಾಲ ಎದ್ದು ತುದಿ 23 ಮಿಮೀ ಇಳಿದಿದ್ದರೆ ನಟ್ ಎಂಟೊಂಬತ್ತು ಸುತ್ತು ಸಡಿಲ ಇರಬೇಕಿತ್ತು. ಬಾಲ ಎದ್ದಿಲ್ಲ.

ಒಂದು ಪರೀಕ್ಷೆ ಮಾಡಿ. ಒಳ ಕಂಬದ ಬುಡದಲ್ಲೂ ಇಳಿತ ಅಳೆಯಿರಿ. ಬೀಮು ಏತದ ಮರದ ಹಾಗೆ. ಬಾಲ ಎದ್ದಿದ್ದರೆ ಅಂಚಿನ ಆನಿಕೆ (ಬೀಮು ಕೂತಿರುವ ಆಧಾರ) ಕದಲಿರುವುದಿಲ್ಲ, ಆಗ ಒಳ ಕಂಬ ಹೊರ ಕಂಬದ ಕಾಲು ಭಾಗ ಮಾತ್ರ ಇಳಿಯುತ್ತದೆ, 6 ಮಿಮೀ ಹತ್ತಿರ. ಆನಿಕೆಯೇ ಕುಸಿದು ಬಾಲ ನಿಂತಲ್ಲೇ ಇದ್ದರೆ ಒಳ ಕಂಬ ಅರ್ಧಕ್ಕಿಂತ ಹೆಚ್ಚೇ ಇಳಿದಿರುತ್ತದೆ. ಕಿಟಕಿಯಿಂದ ಕೈಚಾಚಿ ಅಳೆಯಬಹುದು, ಸಾರುವೆ ಮೇಲೆ ಕಾಲಿಡಬೇಡಿ. ಬೀಮಿನ ಉದ್ದ, ಅಂಚಿನ ಕೆಳಗೆ ಏನಿದೆ ಅನ್ನುವುದನ್ನು ಇನ್ನೂ ಹೇಳಿಲ್ಲ.

ಮೈಸೂರುಸೈಟ್
ಒಳ ಕಂಬದ ಹತ್ತಿರ 14 ಮಿಮೀ. ಬೀಮು 2.4 ಮೀಟರ್, ಹೊರಗೆ 1.35, ಒಳಗೆ 1.05. ಅಂಚಿನಿಂದ ಯು-ಬೋಲ್ಟಿಗೆ 0.9. 12 ಮೀಟರ್ ಬೀಮಿನಲ್ಲಿ ಐದು ತುಂಡು ಸರಿಯಾಗಿ ಬರುತ್ತದೆ ಅಂತ ಹಾಗೆ ಕತ್ತರಿಸಿದ್ದು. ಅಂಚಿನಲ್ಲಿ ಮೂರು-ಎರಡು ಇಂಚಿನ ಸಿಲ್ವರ್ ಓಕ್ ರೀಪರ್ (ಮರದ ಪಟ್ಟಿ) ತುಂಡು, ಅಡ್ಡಕ್ಕೆ. ಎಲ್ಲಾ ಸೈಟಿನಲ್ಲೂ ಅದನ್ನೇ ಇಡುತ್ತಾರಲ್ಲ, ಅದಕ್ಕೇ ಹೇಳಲಿಲ್ಲ.

ತೂಗುಗುಂಡು
ಅಲ್ಲೇ ಇದೆ. 14 ಅಂದರೆ ಆನಿಕೆ ಕುಸಿದಿದೆ. ರೀಪರ್ 10 ಮಿಮೀ ಅಪ್ಪಚ್ಚಿಯಾದರೆ ಹೊರ ಕಂಬದಲ್ಲಿ ಅದು 10 ಅಲ್ಲ. ಬೋಲ್ಟಿನಿಂದ ಹೊರ ಕಂಬಕ್ಕೆ 0.9 ಕೂಡಿಸು 1.2, ಅಂದರೆ 2.1. 10ನ್ನು 2.1ರಿಂದ ಗುಣಿಸಿ 0.9ರಿಂದ ಭಾಗಿಸಿದರೆ 23 ಮಿಮೀ. ಬಾಗಿದ 3 ಸೇರಿಸಿ, ನಿಮ್ಮ 26.

ಯಾಕೆ ಕುಸಿಯಿತು ಅನ್ನುವುದಕ್ಕೆ ಒಳಗಿನ ಉದ್ದವೇ ಕಾರಣ. ಕರಾವಳಿಯವರ ಲೆಕ್ಕದ 5.2 ಅನ್ನು 0.9ರಿಂದ ಭಾಗಿಸಿದರೆ ಬಾಲ ಮೇಲಕ್ಕೆ ಎಳೆಯುವ ಬಲ ಸುಮಾರು 580 ಕೆಜಿ. ಆನಿಕೆಗೆ ಬರುವುದು ಕಂಬಗಳ 670 ಕೆಜಿ ಮಾತ್ರ ಅಲ್ಲ, ಈ 580 ಕೂಡ. ಒಟ್ಟು ಒಂದೂಕಾಲು ಟನ್. ಅದು ಕೂರುವ ಜಾಗ ರೀಪರಿನ 75 ಮಿಮೀ, ಬೀಮಿನ ಅಡಿಪಟ್ಟಿಯ 80 ಮಿಮೀ. ಚದರ ಸೆಂಟಿಮೀಟರಿಗೆ 20 ಕೆಜಿ ದಾಟುತ್ತದೆ. ಮೆದು ಮರ, ಅಡ್ಡ ಎಳೆ, ಮೇಲಿಂದ ಕ್ಯೂರಿಂಗ್ ನೀರು ಇಳಿಯುತ್ತಲೇ ಇರುತ್ತದೆ. ನೆನೆದ ಮರ ದಿನಕ್ಕಿಷ್ಟು ಅಂತ ಕೂರುತ್ತಾ ಹೋಗುತ್ತದೆ. ಎರಡು ಮಟ್ಟದಲ್ಲಿ ಒಟ್ಟಿಗೆ ಗಾರೆ ಕಲಸಿ ಇಟ್ಟಿದ್ದರೆ ಇನ್ನೂ ಬೇಗ.

ನೀವು ದಿನಾ ನಟ್ ಬಿಗಿ ಮಾಡಿದರೂ ಆನಿಕೆ ಕುಸಿಯುವುದು ನಿಲ್ಲುವುದಿಲ್ಲ. ಯು-ಬೋಲ್ಟ್ ಸುತ್ತ ಕಾಂಕ್ರೀಟಿನಲ್ಲಿ ವೃತ್ತಾಕಾರದ ಕೂದಲೆಳೆ ಬಿರುಕು ಇದೆಯಾ ಟಾರ್ಚ್ ಹಿಡಿದು ನೋಡಿ.

ಇನ್ನೊಂದು. ಒಳ ಕಂಬಕ್ಕೂ ಹೊರ ಕಂಬಕ್ಕೂ 12 ಮಿಮೀ ವ್ಯತ್ಯಾಸ, ಅಗಲ 0.9 ಮೀಟರ್. 12 ಮೀಟರ್ ಎತ್ತರಕ್ಕೆ ಅದು 160 ಮಿಮೀ ವಾಲು. ಅಷ್ಟು ವಾಲದೆ ನಿಂತಿದ್ದರೆ ಸಾರುವೆಯನ್ನು ಗೋಡೆಗೆ ಕಟ್ಟಿರುವ ಟೈಗಳು ಎಳೆದು ಹಿಡಿದಿವೆ ಅಂತ ಅರ್ಥ. ಈಗ ಒಂದು ಟೈ ಕೂಡ ಬಿಚ್ಚಬಾರದು.

ಹುಬ್ಬಳ್ಳಿಸ್ಟೀಲ್
ಹಂಗಾದ್ರ ರೀಪರ್ ತೆಗೆದು ಪ್ಲೇಟ್ ತುರುಕಿದ್ರ ಆತಲ್ರಿ. ಜ್ಯಾಕಿ ಕೊಟ್ಟು ಎತ್ತಿ, 12 ಎಂಎಂ ಪ್ಲೇಟ್ ಹಾಕಿ ಇಳಿಸೋದು.

ತೂಗುಗುಂಡು
ಒಳಗೆ 2 ಮೀಟರ್ ಇದ್ದಿದ್ದರೆ ಒಪ್ಪುತ್ತಿದ್ದೆ. 0.9 ಇಟ್ಟುಕೊಂಡು ದುರಸ್ತಿ ಮಾಡುವ ಹಾಗಿಲ್ಲ, ಬಿಚ್ಚಲೇಬೇಕು. ಅಮೆರಿಕದ ಕೆಲಸದ ಸುರಕ್ಷತೆ ಸಂಸ್ಥೆ ಒಶಾದ ನಿಯಮದಲ್ಲಿ ಆನಿಕೆಯಿಂದ ಕಟ್ಟಿನವರೆಗಿನ ಒಳ ಉದ್ದ ಹೊರಚಾಚಿನ ಒಂದೂವರೆ ಪಟ್ಟಿಗಿಂತ ಕಡಿಮೆ ಇರಬಾರದು. 1.35ಕ್ಕೆ 2.03 ಮೀಟರ್. ಬಾಲದ ತುದಿಗೆ ಸ್ವಲ್ಪ ಬಿಟ್ಟರೆ ಬೀಮು 3.5. 12 ಮೀಟರಿನಲ್ಲಿ ಮೂರು ತುಂಡು, 4 ಮೀಟರಿನವು, ಒಳ್ಳೆಯದೇ. 2 ಮೀಟರ್ ಹಿಂದೆ ಹಿಡಿದರೆ ಬಾಲದ ಎಳೆತ 580ರಿಂದ 260 ಕೆಜಿಗೆ ಇಳಿಯುತ್ತದೆ.

ಬಿಚ್ಚುವ ಮೊದಲು ಹೀಗೆ. ಹಲಗೆ ಮೇಲಿನ ಗಾರೆ, ಮರಳು, ಬಾಂಡ್ಲಿ ಎಲ್ಲವನ್ನೂ ಕಿಟಕಿ ಒಳಗಿನಿಂದಲೇ ತೆಗೆಯಿರಿ. ಪ್ರತಿ ಬಾಲದ ಮೇಲೆ ಸ್ಟೀಲ್ ಪ್ರಾಪ್ (ಒತ್ತುಗಂಬ) ನಿಲ್ಲಿಸಿ ಮೇಲಿನ ಸ್ಲ್ಯಾಬಿಗೆ ಒತ್ತಿ, ಬೋಲ್ಟ್ ಕಿತ್ತರೂ ಬಾಲ ಏಳದ ಹಾಗೆ. ಕಪ್‌ಲಾಕ್77 ಹೇಳಿದ ರೋಪು ಇಲ್ಲಿ ಬೇಕು. ತುದಿಯಿಂದ ಮೇಲಿನ ಮಹಡಿಯ ಕಂಬಕ್ಕೆ ಸುತ್ತಿ, ಸಡಿಲ ಹೋಗುವಷ್ಟೇ ಟರ್ನ್‌ಬಕಲ್ ತಿರುಗಿಸಿ. ಎತ್ತಬೇಡಿ. ಕೆಳಗಿನ ಎರಡು ಮಹಡಿಯ ಅಂಚಿಗೆ ಪ್ರಾಪ್ ಕೊಡಿ, ನೆಲದಲ್ಲಿ 6 ಮೀಟರ್ ಜಾಗಕ್ಕೆ ಬೇಲಿ ಹಾಕಿ ಒಬ್ಬರನ್ನು ಕಾವಲು ನಿಲ್ಲಿಸಿ.

ಆಮೇಲೆ ಮೇಲಿನಿಂದ. ಮೊದಲು ಬಲೆ, ಅದು ಗಾಳಿ ಹಿಡಿಯುತ್ತದೆ. ನಂತರ ಮೇಲಿನ ಲಿಫ್ಟಿನ ಹಲಗೆ, ಕೈ ಹಿಡಿಯುವ ಪೈಪು (ಹ್ಯಾಂಡ್‌ರೈಲ್), ಬ್ರೇಸ್, ಲೆಡ್ಜರ್, ಕಂಬ. ಕೆಲಸ ಮಾಡುವವರು ಅದರ ಕೆಳಗಿನ ಲಿಫ್ಟಿನಲ್ಲಿ ಪೂರ್ತಿ ಹಲಗೆ ಮೇಲೆ ನಿಂತಿರಬೇಕು. ಟೈ ಬಿಚ್ಚುವುದು ಆ ಲಿಫ್ಟ್ ತಲುಪಿದ ಮೇಲೆ ಮಾತ್ರ. ಏನನ್ನೂ ಎಸೆಯುವ ಹಾಗಿಲ್ಲ, ಕಿಟಕಿಯಿಂದ ಒಳಗೆ ಕೊಡಿ. ಹಾರ್ನೆಸ್ ಕೊಕ್ಕೆ ಸಾರುವೆ ಪೈಪಿಗೆ ಬೇಡ, ಕಟ್ಟಡದ ಕಂಬದಿಂದ ಕಂಬಕ್ಕೆ ಕಟ್ಟಿದ ಲೈಫ್‌ಲೈನಿಗೆ.

ಕೊನೆಯಲ್ಲಿ ಬರಿ ಬೀಮು ಉಳಿಯುತ್ತದೆ, ನನಗೆ ಹೆಚ್ಚು ಹೆದರಿಕೆ ಅದರದ್ದೇ. 2.4 ಮೀಟರ್ ಬೀಮಿನ ನಡುಮಧ್ಯ 1.2ರಲ್ಲಿ. ಒಳಗಿರುವುದು 1.05. ಅಂದರೆ ತೂಕದ ಮಧ್ಯ ಅಂಚಿನಿಂದ 15 ಸೆಂಮೀ ಹೊರಗಿದೆ. ಮೇಲೆ ಏನೂ ಭಾರ ಇಲ್ಲ ಅಂತ ನಿಶ್ಚಿಂತೆಯಿಂದ ಕೊನೆಯ ನಟ್ ಬಿಚ್ಚಿದರೆ 36 ಕೆಜಿ ಬೀಮು ತಾನಾಗೇ ಹೊರಕ್ಕೆ ಮಗುಚಿ ಕೆಳಗೆ ಹೋಗುತ್ತದೆ. ಮೊದಲು ಬಾಲಕ್ಕೆ ಹಗ್ಗ ಬಿಗಿದು ಕಟ್ಟಡದ ಕಂಬಕ್ಕೆ ಕಟ್ಟಿ, ತುದಿಯ ರೋಪ್ ಇರಲಿ, ಬಾಲದ ಮೇಲೆ ಇಬ್ಬರು ಭಾರ ಹಾಕಿ ನಿಂತಿರುವಾಗ ನಟ್ ಬಿಚ್ಚಿ, ನೇರ ಒಳಕ್ಕೆ ಎಳೆಯಿರಿ. ಅರ್ಧ ಒಳಗೆ ಬಂದ ಮೇಲೆ ರೋಪ್ ಕಳಚಿ. ಕೂರಿಸುವಾಗಲೂ ಇದೇ ಅಪಾಯ ಇತ್ತು.

ಕರಾವಳಿ_ಸಾರುವೆ
ಹೊಸದಾಗಿ ಕಟ್ಟುವಾಗ ಆನಿಕೆಗೆ ಮರವೇ ಬೇಡ. 150ಕ್ಕೆ 150, 12 ಮಿಮೀ ದಪ್ಪದ ಪ್ಲೇಟು, ಕೆಳಗೆ ಗಟ್ಟಿ ಗಾರೆ. ಬೀಮು ಪಕ್ಕಕ್ಕೆ ಉರುಳದ ಹಾಗೆ ಎರಡೂ ಬದಿ ಕ್ಲೀಟ್ (ತಡೆ ತುಂಡು). ಕಂಬ ನಿಲ್ಲುವ ಕಡೆ ಬೀಮಿನ ಮೇಲೆ 25 ಮಿಮೀ ಕಂಬಿಯ 150 ಮಿಮೀ ತುಂಡು ಬೆಸುಗೆ ಮಾಡಿ, ಕಂಬದ ಪೈಪ್ ಅದರ ಮೇಲೆ ಸಿಕ್ಕಿಸಿ, ಜಾರುವುದಿಲ್ಲ. ಹೊರತುದಿ 5 ಮಿಮೀ ಮೇಲಕ್ಕೆ ಇಟ್ಟೇ ಶುರು ಮಾಡಿ.

ಮೈಸೂರುಸೈಟ್
ಭಾರ ಇಳಿಸಿದೆವು, ಪ್ರಾಪ್ ಕೊಟ್ಟೆವು. ಎರಡು ಇಂಚಿನ ರೀಪರ್ ಈಗ 39ರಿಂದ 41 ಮಿಮೀ ಇದೆ, ಬೀಮಿನ ಅಡಿಪಟ್ಟಿ ಅಚ್ಚೊತ್ತಿದ ಹಾಗೆ ಒಳಗೆ ಕೂತಿದೆ, ಚಾಕು ಒತ್ತಿದರೆ ನೀರು ಬರುತ್ತದೆ. ಎರಡು ಯು-ಬೋಲ್ಟ್ ಸುತ್ತ ಬಿರುಕು ಇದೆ. 4 ಮೀಟರ್ ಬೀಮಿಗೆ ಹೇಳಿದ್ದೇನೆ. ಆದರೆ ಕಟ್ಟಡದ ಮೂಲೆಯಲ್ಲಿ ಬೀಮು ಓರೆಯಾಗಿ ಚಾಚಬೇಕು. ಅಲ್ಲಿಗೂ ಇದೇ ಸಾಕಾ?

ತೂಗುಗುಂಡು
ಬಿರುಕು ಬಂದ ಬೋಲ್ಟ್ ಮತ್ತೆ ಬಳಸಬೇಡಿ. ಸ್ಲ್ಯಾಬಿಗೆ ತೂತು ಕೊರೆದು ಆರ್‌ಪಾರ್ ಬೋಲ್ಟ್ ಹಾಕಿ, ಕೆಳಗೆ ದೊಡ್ಡ ಪ್ಲೇಟು ಕೊಡಿ. ಮೂಲೆಗೆ ಸಾಲದು. ಓರೆಯಲ್ಲಿ 1.35 ಅನ್ನುವುದು 1.9 ಮೀಟರ್ ಆಗುತ್ತದೆ, ಮೂಲೆ ಕಂಬಕ್ಕೆ ಎರಡೂ ಬದಿಯ ಭಾರ. ಒಳಗೆ 2.85 ಬೇಕು. ಅಲ್ಲಿ ಹುಬ್ಬಳ್ಳಿಯವರು ಹೇಳಿದ 200 ಸರಿ. ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಮೂಲೆಯ ಲೆಕ್ಕ ಬೇರೆಯಾಗಿ ಮಾಡಿಸಿ ಸಹಿ ಹಾಕಿಸಿಕೊಳ್ಳಿ.

ಹುಬ್ಬಳ್ಳಿಸ್ಟೀಲ್
ಮೂಲೀ ಬೀಮ್ 5 ಮೀಟರ್ ಅಂದ್ರ 200ದು 127 ಕೆಜಿ ಬರ್ತೈತಿ. ಕೈಲೆ ಹೊರಗ ನೂಕಬ್ಯಾಡ್ರಿ. ಮೇಲಿನ ಸ್ಲ್ಯಾಬಿಗೆ ಚೈನ್‌ಬ್ಲಾಕ್ (ಸರಪಳಿ ರಾಟಿ) ಕಟ್ಟಿ, ಬಾಲಕ್ಕ ಬೋಲ್ಟ್ ಬಿಗಿಯೋ ತನಕ ಬಿಡಬ್ಯಾಡ್ರಿ.