ಹವಾಮಾನ ಮಾತುಕತೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು: ಪ್ರವೇಶದ ಬ್ಯಾಡ್ಜ್ ಹೇಗೆ, ಹೋಗಿ ಮಾಡುವುದೇನು?

ತುಮಕೂರು_ಇಇಇ
ನಮ್ಮ ಕಾಲೇಜಿನ ಎನರ್ಜಿ ಕ್ಲಬ್‌ನಿಂದ ಇಬ್ಬರನ್ನಾದರೂ ಕಾಪ್ ಸಭೆಗೆ (ವಿಶ್ವಸಂಸ್ಥೆಯ ವಾರ್ಷಿಕ ಹವಾಮಾನ ಸಮ್ಮೇಳನ) ಕಳಿಸಬೇಕು ಅಂತಿದೆ. ಎಲ್ಲರೂ ಎಲೆಕ್ಟ್ರಿಕಲ್, ಮೆಕ್ಯಾನಿಕಲ್‌ನವರೇ. ನಾವೇ ನೇರವಾಗಿ ಅರ್ಜಿ ಹಾಕಬಹುದಾ? ಕಾನೂನು, ಅರ್ಥಶಾಸ್ತ್ರ ಓದಿದವರ ನಡುವೆ ನಮಗೇನು ಕೆಲಸ?

ಕರಡುಪ್ರತಿ
ವೈಯಕ್ತಿಕವಾಗಿ ಆಗಲ್ಲ. ಸರ್ಕಾರಿ ನಿಯೋಗದಲ್ಲಿರಬೇಕು, ಇಲ್ಲವೇ ಮಾನ್ಯತೆ ಪಡೆದ ವೀಕ್ಷಕ ಸಂಸ್ಥೆ ನಿಮ್ಮ ಹೆಸರು ಕಳಿಸಬೇಕು. ಸಂಸ್ಥೆಯ ಅಧಿಕೃತ ಸಂಪರ್ಕಾಧಿಕಾರಿ ಆನ್‌ಲೈನ್ ನೋಂದಣಿಯಲ್ಲಿ ಹೆಸರು ಸೇರಿಸುತ್ತಾರೆ, ಅದೂ ಕೋಟಾದೊಳಗೆ. ಕಾಲೇಜೇ ಮಾನ್ಯತೆ ಕೇಳಬಹುದು. ಆದರೆ ಅದಕ್ಕೆ ಕಾಪ್‌ನ ಒಪ್ಪಿಗೆಯೇ ಬೇಕಾದ್ದರಿಂದ ವರ್ಷಕ್ಕೂ ಮಿಗಿಲು ಹಿಡಿಯುತ್ತದೆ, ಫಲ ಉಣ್ಣುವವರು ನಿಮ್ಮ ಜೂನಿಯರ್‌ಗಳು. ಸದ್ಯಕ್ಕೆ ಮಾನ್ಯತೆ ಇರುವ ಸಂಶೋಧನಾ ಸಂಸ್ಥೆಯೊಂದನ್ನು ಹಿಡಿಯಿರಿ. ಪಟ್ಟಿ ಯುಎನ್‌ಎಫ್‌ಸಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಒಪ್ಪಂದ) ಜಾಲತಾಣದಲ್ಲೇ ಇದೆ. ಯುವಜನರ ಅಧಿಕೃತ ಬಳಗ ಯಂಗೋದ ಕಾರ್ಯಗುಂಪುಗಳಿಗೆ ಊರಲ್ಲೇ ಕೂತು ಸೇರಬಹುದು, ಆದರೆ ಸೇರಿದ ಮಾತ್ರಕ್ಕೆ ಬ್ಯಾಡ್ಜ್ ಗ್ಯಾರಂಟಿ ಅಲ್ಲ.

ನನ್ನ ಕೇಳಿದರೆ ಮೊದಲ ಸಲ ಕಾಪ್ ಬೇಡ, ಜೂನ್‌ನಲ್ಲಿ ಜರ್ಮನಿಯ ಬಾನ್‌ನಲ್ಲಿ ನಡೆಯುವ ಉಪಸಮಿತಿ ಸಭೆ ನೋಡಿ. ಅಲ್ಲಿ ಜಾತ್ರೆ ಕಮ್ಮಿ, ತಾಂತ್ರಿಕ ಪಠ್ಯದ ಕೆಲಸ ಜಾಸ್ತಿ. ಒಂದೇ ಅಜೆಂಡಾ ವಿಷಯ ಹಿಡಿಯಿರಿ: ತಂತ್ರಜ್ಞಾನ ವರ್ಗಾವಣೆ, ಅಥವಾ ಪ್ಯಾರಿಸ್ ಒಪ್ಪಂದದಲ್ಲಿ ಕಾರ್ಬನ್ ಮಾರುಕಟ್ಟೆಯ ಬಗ್ಗೆ ಇರುವ 6ನೇ ವಿಧಿ. ಹಳೆಯ ಕರಡು ಓದಿ. ಚೌಕಾವರಣದೊಳಗೆ ಇರುವುದೆಲ್ಲ ಇನ್ನೂ ಒಪ್ಪಿಗೆಯಾಗದ ಮಾತು. ವೀಕ್ಷಕರು ಸಭೆಯ ನಡುವೆ ಬಾಯಿ ಹಾಕುವಂತಿಲ್ಲ, ಅನೌಪಚಾರಿಕ ಸಭೆಯಾದರೆ ಹೊರಗೆ ಕಳಿಸಲೂಬಹುದು. ಹಾಗಾಗಿ ನಿಜವಾದ ಕೆಲಸ ಕಾರಿಡಾರಿನದು. ಸಣ್ಣ ದೇಶಗಳ ನಿಯೋಗದಲ್ಲಿ ಲೆಕ್ಕ ಹಾಕಿಕೊಡುವವರು ಬೆರಳೆಣಿಕೆ. ಒಂದು ಪುಟದ ಟಿಪ್ಪಣಿ ಕೊಟ್ಟರೆ ಓದುತ್ತಾರೆ, ನಲವತ್ತು ಪುಟದ ವರದಿಯನ್ನು ಯಾರೂ ತೆಗೆದು ನೋಡಲ್ಲ.

ಎಲ್‌ಟಿ_ಲೈನ್
ವಿಮಾನದ ದುಡ್ಡಿಗೆ ಮೊದಲು ಬೆಂಗಳೂರಿನ ಬಸ್ ಹತ್ತಿ. ವಿದ್ಯುತ್ ಕಾಯ್ದೆ 2003ರ 64ನೇ ಸೆಕ್ಷನ್ ಪ್ರಕಾರ ದರ ನಿಗದಿಗೆ ಮುಂಚೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಜನರ ಆಕ್ಷೇಪಣೆ, ಸಲಹೆ ಪರಿಗಣಿಸಲೇಬೇಕು. ಕೆಇಆರ್‌ಸಿ ಕರಡು ನಿಯಮಾವಳಿಗೂ ಅಭಿಪ್ರಾಯ ಕೇಳುತ್ತದೆ. ಗಡುವು ದಾಟಿದರೆ ಕಸದ ಬುಟ್ಟಿ. 'ಸೌರಶಕ್ತಿಗೆ ಪ್ರೋತ್ಸಾಹ ಕೊಡಿ' ಅಂತ ಬರೆದರೂ ಅದೇ ಗತಿ. ಯಾವ ಕಲಂ, ಈಗ ಏನಿದೆ, ಬದಲಿಗೆ ಏನಿರಬೇಕು, ಯೂನಿಟ್‌ಗೆ ಎಷ್ಟು ಪೈಸೆ ವ್ಯತ್ಯಾಸ, ಇಷ್ಟು ಬೇಕು. ಇಲ್ಲಿ ಪಳಗಿದವರಿಗೆ ಬಾನ್ ಕಷ್ಟವಾಗಲ್ಲ.

ಯೂನಿಟ್‌ಲೆಕ್ಕ
ಇಬ್ಬರೂ ಹೇಳಿದ್ದು ಸರಿ. ಆದರೆ ಹುಡುಗರು ಎಡವುವುದು ಅಂಕಿಗಳಲ್ಲಿ. ಪಳೆಯುಳಿಕೆಯೇತರ ವಿದ್ಯುತ್ತಿನ ಬಗ್ಗೆ ಭಾರತದ 2030ರ 50% ಗುರಿ ಸ್ಥಾಪಿತ ಸಾಮರ್ಥ್ಯದ ಮಾತು, ಅಂದರೆ ಮೆಗಾವ್ಯಾಟ್. ಅದನ್ನು ಉತ್ಪಾದನೆ ಅಂದುಕೊಂಡು ಮಾತಾಡಿದರೆ ಎದುರಿನವರು ಅಲ್ಲೇ ಕಿವಿ ಮುಚ್ಚಿಕೊಳ್ಳುತ್ತಾರೆ. ಯೂನಿಟ್ ಲೆಕ್ಕದಲ್ಲಿ ಇಂದಿಗೂ ಸಿಂಹಪಾಲು ಕಲ್ಲಿದ್ದಲಿನದು.

ನಿಮ್ಮ ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ ತಗೊಳ್ಳಿ, 2,050 ಮೆಗಾವ್ಯಾಟ್. ಸಿಯುಎಫ್ (ಪೂರ್ಣ ಸಾಮರ್ಥ್ಯದಲ್ಲಿ ಸದಾ ನಡೆದಿದ್ದರೆ ಬರುವ ಉತ್ಪಾದನೆಯಲ್ಲಿ ನಿಜಕ್ಕೂ ಬರುವ ಪಾಲು) 20% ಎಂದಿಟ್ಟುಕೊಂಡು 8,760 ಗಂಟೆಗೆ ಗುಣಿಸಿದರೆ ವರ್ಷಕ್ಕೆ ಸುಮಾರು 359 ಕೋಟಿ ಯೂನಿಟ್. ಯೂನಿಟ್‌ಗೆ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹಿಡಿದರೆ 25 ಲಕ್ಷ ಟನ್ ಉಳಿತಾಯ. ಸಿಯುಎಫ್ ಎಸಿ (ಇನ್ವರ್ಟರ್) ಸಾಮರ್ಥ್ಯದ ಮೇಲೋ ಡಿಸಿ (ಫಲಕಗಳ) ಮೇಲೋ ಹೇಳಲೇಬೇಕು, ಉತ್ತರವೇ ಬದಲಾಗುತ್ತದೆ.

ತುಮಕೂರು_ಇಇಇ
ಆ 0.7 ಎಲ್ಲಿಂದ ಬಂತು ಸರ್?

ಯೂನಿಟ್‌ಲೆಕ್ಕ
ಕೇಂದ್ರ ವಿದ್ಯುತ್ ಪ್ರಾಧಿಕಾರದ ಇಂಗಾಲ ಹೊರಸೂಸುವಿಕೆಯ ಬೇಸ್‌ಲೈನ್ ದತ್ತಾಂಶ, ಉಚಿತವಾಗಿ ಸಿಗುತ್ತದೆ. ನಾನು ಹಿಡಿದದ್ದು ಇಡೀ ಗ್ರಿಡ್‌ನ ಸರಾಸರಿಯ ಹತ್ತಿರದ ದುಂಡು ಅಂಕಿ, ಅಂದಾಜಿಗೆ ಸಾಕು. ಕಾರ್ಬನ್ ಕ್ರೆಡಿಟ್ ಮಾತು ಬಂದರೆ ಕಂಬೈನ್ಡ್ ಮಾರ್ಜಿನ್ ಬೇಕು: ಸೌರ, ಪವನ ಯೋಜನೆಗಳಿಗೆ ಆಪರೇಟಿಂಗ್ ಮಾರ್ಜಿನ್‌ಗೆ (ಈಗ ನಡೆಯುತ್ತಿರುವ ಸ್ಥಾವರಗಳ ಹೊರಸೂಸುವಿಕೆ) 75%, ಬಿಲ್ಡ್ ಮಾರ್ಜಿನ್‌ಗೆ (ಇತ್ತೀಚೆಗೆ ಕಟ್ಟಿದ ಸ್ಥಾವರಗಳದು) 25% ತೂಕ. ಟಿಪ್ಪಣಿಯ ಅಡಿಯಲ್ಲಿ ದತ್ತಾಂಶದ ಆವೃತ್ತಿ ಸಂಖ್ಯೆ ಹಾಕಿ.